ಎಷ್ಟು ಬಂತು, ಎಲ್ಲಿ ನಿಂತೆ

ಎಂಎಚ್‌ಟಿ-ಸಿಇಟಿ ಫಲಿತಾಂಶ ಬಂದ ದಿನ ಕಾಮೋಠೆಯ ಕನ್ನಡದ ಮನೆಗಳಿಗೆ ಊರಿನಿಂದ ಫೋನು ಬರುತ್ತದೆ. "ಎಷ್ಟು ಪರ್ಸೆಂಟ್ ಆತವಾ?" ಎಂದು ಸೋದರಮಾವ ಕೇಳುತ್ತಾರೆ. "92 ಪರ್ಸೆಂಟೈಲ್, ಮಾಮಾ." ಅಲ್ಲಿ ಪೇಡೆ ಹಂಚುವ ಮಾತು, ಇಲ್ಲಿ ಬೇಕಾದ ಕಾಲೇಜು ಸಿಗುತ್ತದೋ ಇಲ್ಲವೋ ಎಂಬ ಚಿಂತೆ. ಹೆಸರು ಹತ್ತಿರವಾದರೂ ಇವು ಬೇರೆ ಬೇರೆ ಚರಿತ್ರೆಯ ಎರಡು ಲೆಕ್ಕಗಳು.

ಶೇಕಡಾ ಹಳೆಯದು, ಬಡ್ಡಿ-ಸುಂಕಗಳ ಲೆಕ್ಕ. ಮರಾಠಿಯಲ್ಲೂ ನಮ್ಮಲ್ಲೂ ಪದ ಒಂದೇ. 200ಕ್ಕೆ 120 ಅಂಕ ಬಂದರೆ ಶೇ. 60, ಪಕ್ಕದವರು ಎಷ್ಟು ತೆಗೆದರು ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ.

ಪರ್ಸೆಂಟೈಲ್ ಹುಟ್ಟಿದ್ದೇ ಪಕ್ಕದವರನ್ನು ನೋಡಿ. 1884ರಲ್ಲಿ ಲಂಡನ್ನಿನ ಆರೋಗ್ಯ ಪ್ರದರ್ಶನದಲ್ಲಿ ಫ್ರಾನ್ಸಿಸ್ ಗಾಲ್ಟನ್ ಒಂಬತ್ತು ಸಾವಿರಕ್ಕೂ ಹೆಚ್ಚು ಜನರ ಎತ್ತರ, ತೂಕ, ಹಿಡಿತದ ಬಲ ಅಳೆದ. ಒಬ್ಬನಿಗಿಂತ ಕೆಳಗೆ ನೂರಕ್ಕೆ ಎಷ್ಟು ಜನ ಎಂದು ಹೇಳಲು 1885ರಲ್ಲಿ ಈ ಪದವನ್ನು ಬಳಕೆಗೆ ತಂದ. ಸುಪ್ರಜನನವಾದಕ್ಕೆ ಹೆಸರಿಟ್ಟವನೂ ಅವನೇ; ಮನುಷ್ಯರನ್ನು ಸಾಲಾಗಿ ನಿಲ್ಲಿಸುವ ಆಸೆ ಅವನಿಗೆ ಮೊದಲಿನಿಂದಲೂ ಇತ್ತು.

ಮಾವನಿಗೆ ಈ ಪದ ಹೊಸದಾಗಿದ್ದರೆ ಆಶ್ಚರ್ಯವಿಲ್ಲ. ಕರ್ನಾಟಕದ ಸಿಇಟಿಯಲ್ಲಿ ಒಂದು ವಿಷಯಕ್ಕೆ ಎಲ್ಲರಿಗೂ ಒಂದೇ ದಿನ ಪರೀಕ್ಷೆ. ಎಂಜಿನಿಯರಿಂಗಿಗೆ ಪಿಯುಸಿ ಅಂಕವನ್ನೂ ಸೇರಿಸಿ ರ‍್ಯಾಂಕ್ ಕೊಡುತ್ತಾರೆ. ಮಹಾರಾಷ್ಟ್ರದಲ್ಲಿ 2019ರಿಂದ ಪರೀಕ್ಷೆ ಕಂಪ್ಯೂಟರಿನಲ್ಲಿ, ಹಲವು ಪಾಳಿಗಳಲ್ಲಿ. ಒಂದು ಪಾಳಿಯ ಪ್ರಶ್ನೆ ಸುಲಭ, ಇನ್ನೊಂದರದ್ದು ಕಠಿಣ ಇರಬಹುದು. ಅದಕ್ಕೇ ಪ್ರತಿಯೊಬ್ಬರನ್ನೂ ಅವರ ಪಾಳಿಯವರೊಂದಿಗೇ ಹೋಲಿಸುತ್ತಾರೆ. 92 ಪರ್ಸೆಂಟೈಲ್ ಎಂದರೆ ಆ ಪಾಳಿಯಲ್ಲಿ ನೂರಕ್ಕೆ 92 ಮಂದಿ ಅವಳಷ್ಟೇ ಅಥವಾ ಅವಳಿಗಿಂತ ಕಡಿಮೆ ಅಂಕ ಪಡೆದಿದ್ದಾರೆ. ಒಟ್ಟು ಮೂರು ಲಕ್ಷ ಮಂದಿ ಬರೆದಿದ್ದಾರೆ ಎಂದುಕೊಳ್ಳಿ: ಅವಳ ಮುಂದೆ ಸುಮಾರು 24,000 ಮಂದಿ ಇದ್ದಾರೆ.

ಇದೇ ರಾಜ್ಯ ಈ ಪದದಲ್ಲಿ ಒಮ್ಮೆ ಎಡವಿತ್ತು. ಎಸ್‌ಎಸ್‌ಸಿ, ಸಿಬಿಎಸ್‌ಇ, ಐಸಿಎಸ್‌ಇ ಮಕ್ಕಳನ್ನು ಹನ್ನೊಂದನೆಯ ತರಗತಿಗೆ ಒಂದೇ ತಕ್ಕಡಿಯಲ್ಲಿ ತೂಗಲು 2008ರಲ್ಲಿ ಸರ್ಕಾರ 'ಪರ್ಸೆಂಟೈಲ್ ಸೂತ್ರ' ತಂದಿತು. ವಿದ್ಯಾರ್ಥಿಯ ಅಂಕವನ್ನು ಅವನ ಬೋರ್ಡಿನ ಮೊದಲ ಹತ್ತು ಮಂದಿಯ ಸರಾಸರಿಯಿಂದ ಭಾಗಿಸುವುದು ಅದರ ರೀತಿ. ಕೆಳಗೆ ಎಷ್ಟು ಜನ ಇದ್ದಾರೆಂಬ ಎಣಿಕೆಯೇ ಅದರಲ್ಲಿಲ್ಲ; ಅದು ಹೆಸರು ಬದಲಿಸಿಕೊಂಡ ಶೇಕಡಾ. ಬಾಂಬೆ ಹೈಕೋರ್ಟಿನಲ್ಲಿ ಸೂತ್ರ ನಿಲ್ಲಲಿಲ್ಲ. 2009ರಲ್ಲಿ ಎಸ್‌ಎಸ್‌ಸಿ ಮಕ್ಕಳಿಗೆ ಶೇ. 90 ಸೀಟು ಎಂಬ ನಿರ್ಧಾರವೂ ಅಲ್ಲೇ ಬಿದ್ದುಹೋಯಿತು. 2010ರಲ್ಲಿ ಐದು ಉತ್ತಮ ವಿಷಯಗಳ ಅಂಕವನ್ನಷ್ಟೇ ಹಿಡಿಯುವ ನಿಯಮ ಸುಪ್ರೀಂ ಕೋರ್ಟಿನವರೆಗೆ ಹೋಗಿ ಉಳಿಯಿತು. ಈ ಜಗ್ಗಾಟದಲ್ಲಿ ಸಿಕ್ಕಿಕೊಂಡವರು ಹದಿನಾರರ ಮಕ್ಕಳು.

2023ರಲ್ಲಿ ನೀಟ್-ಪಿಜಿ ಅರ್ಹತೆಯನ್ನು ಸೊನ್ನೆ ಪರ್ಸೆಂಟೈಲಿಗೆ ಇಳಿಸಿದಾಗಲೂ ಇದೇ ಗೊಂದಲ. ಸೊನ್ನೆ ಅಂಕ ಬಂದವರೂ ವೈದ್ಯರೇ ಎಂದು ಹಲವರು ಕೇಳಿದರು. ಸೊನ್ನೆ ಪರ್ಸೆಂಟೈಲ್ ಎಂದರೆ ಸಾಲಿನ ಕೊನೆ. ತಪ್ಪಿಗೆ ಅಂಕ ಕಳೆಯುವ ಪರೀಕ್ಷೆಯಲ್ಲಿ ಆ ಕೊನೆ ಸೊನ್ನೆಗಿಂತಲೂ ಕೆಳಗಿತ್ತು.

ಎಂಜಿನಿಯರಿಂಗ್ ಪ್ರವೇಶಕ್ಕೆ ಎರಡೂ ಬೇಕು. ಹನ್ನೆರಡನೆಯ ತರಗತಿಯ ನಿಗದಿತ ವಿಷಯಗಳಲ್ಲಿ ಸಾಮಾನ್ಯ ವರ್ಗಕ್ಕೆ ಕನಿಷ್ಠ ಶೇ. 45 ಇಲ್ಲದಿದ್ದರೆ ಎಷ್ಟು ಪರ್ಸೆಂಟೈಲ್ ಇದ್ದರೂ ಪ್ರಯೋಜನವಿಲ್ಲ. ಶೇ. 95 ಇದ್ದರೂ ಸಿಇಟಿ ಸೀಟಿನ ಸಾಲಿನಲ್ಲಿ ಜಾಗ ತೋರಿಸುವುದು ಪರ್ಸೆಂಟೈಲೇ. ಹಾಗಾಗಿ ಆಯ್ಕೆಪಟ್ಟಿ ತುಂಬುವ ಮುನ್ನ ಹಿಂದಿನ ವರ್ಷ ಆ ಕಾಲೇಜಿನ ಆ ಶಾಖೆ ಎಷ್ಟು ಪರ್ಸೆಂಟೈಲಿಗೆ ನಿಂತಿತ್ತು ಎಂದು ಮಗಳ ಜೊತೆ ಕೂತು ನೋಡಿ. ಮಾವನಿಗೂ ವಿವರಿಸಿ ಹೇಳಿ, ಪೇಡೆಯನ್ನಂತೂ ನಿಲ್ಲಿಸಬೇಕಿಲ್ಲ.