ಗಿಳಿಯ ಆಹಾರ: ‘ಕಾದಂಬರಿ’ಯ ಸಾಕ್ಷ್ಯ

ಪ್ರಾಚೀನ ಭಾರತದಲ್ಲಿ ಗಿಳಿಗೆ ಮಾತು ಕಲಿಸುವುದೊಂದು ವಿದ್ಯೆ. ವಾತ್ಸ್ಯಾಯನನ ‘ಕಾಮಸೂತ್ರ’ವು ಅದನ್ನು 64 ಕಲೆಗಳಲ್ಲಿ ಎಣಿಸಿದೆ. ಆ ಗಿಳಿಗೆ ಏನನ್ನು ಉಣಿಸುತ್ತಿದ್ದರೆಂಬುದಕ್ಕೆ 7ನೆಯ ಶತಮಾನದ ಬಾಣಭಟ್ಟನ ‘ಕಾದಂಬರಿ’ಯಲ್ಲಿ ಬೆಲೆಯುಳ್ಳ ಸಾಕ್ಷ್ಯವಿದೆ. ನಾಗವರ್ಮನ ಚಂಪುವಿನಿಂದ ಈ ಕಥೆ ಕನ್ನಡಿಗರಿಗೆ ಚಿರಪರಿಚಿತವಾದುದೇ.

ಶೂದ್ರಕನ ಅರಮನೆಯಲ್ಲಿ ವೈಶಂಪಾಯನನೆಂಬ ಗಿಳಿಯು ತಾನು ಸವಿದುದನ್ನು ಅರಸನಿಗೆ ಅರಿಕೆ ಮಾಡುತ್ತದೆ: ನೇರಳೆಯ ರಸ, ದಾಳಿಂಬೆಯ ಬೀಜ, ನೆಲ್ಲಿಯ ಜಾತಿಯ ಹಣ್ಣು. ವಿಂಧ್ಯಾಟವಿಯ ಬೂರುಗದ ಪೊಟರೆಯಲ್ಲಾದರೋ ಅದರ ಮುದಿತಂದೆಯು ಇತರ ಗೂಡುಗಳಿಂದ ಬಿದ್ದ ಬತ್ತದ ತೆನೆಗಳ ಕಾಳನ್ನೂ ಮರದಡಿಯ ಹಣ್ಣಿನ ಚೂರುಗಳನ್ನೂ ಆಯ್ದು ಮರಿಗೆ ಉಣಿಸಿ, ಮಿಕ್ಕುದನ್ನು ತಾನು ತಿನ್ನುತ್ತಿದ್ದಿತು. ಒಂದು ವೈಭವದ ಊಟ, ಇನ್ನೊಂದು ವಾತ್ಸಲ್ಯದ ಊಟ. ಎರಡರಲ್ಲಿಯೂ ಹಣ್ಣು ತಪ್ಪಿಲ್ಲ.

ಕಾವ್ಯವು ವೈದ್ಯಗ್ರಂಥವಲ್ಲ, ನಿಜ. ಆದರೂ ಬರಿಯ ಕಾಳಿನಿಂದ, ಅದರಲ್ಲಿಯೂ ಕೊಬ್ಬು ಹೆಚ್ಚಿರುವ ಸೂರ್ಯಕಾಂತಿ ಬೀಜದಿಂದ, ಬೆಳೆದ ಗಿಳಿಗೆ ‘ಎ’ ಜೀವಸತ್ವವೂ ಸುಣ್ಣದ ಅಂಶವೂ ಸಾಲದೆ ರೋಗ ತಗಲುವುದೆಂದು ಇಂದಿನ ಪಶುವೈದ್ಯವು ತಿಳಿಸುತ್ತದೆ. ಬಾಣನ ಕಣ್ಣು ಹಕ್ಕಿಯ ಬದುಕನ್ನು ಸರಿಯಾಗಿಯೇ ಕಂಡಿತ್ತು.

ದೇಶೀಯ ಗಿಳಿಗಳನ್ನು ಹಿಡಿದು ಸಾಕುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ನಿಷೇಧಿಸಿದೆ. ಇದಕ್ಕೂ ‘ಕಾದಂಬರಿ’ಯೇ ಸಮರ್ಥನೆ ನೀಡೀತು. ಅರಮನೆಯ ಹಣ್ಣುಗಳನ್ನು ಹೊಗಳಿದ ವೈಶಂಪಾಯನನು ತನ್ನ ಕಥೆಯನ್ನು ಹೇಳತೊಡಗಿದಾಗ ಮೊದಲು ನೆನೆದುದು ಆ ಕಾಡನ್ನು, ಆ ಪೊಟರೆಯನ್ನು.