ಮನೆಯ ಆರೈಕೆಗೆ ಒಂದು ಅಳತೆಗೋಲು: ಹತ್ತೊಂಬತ್ತನೆಯ ಶತಮಾನದ ಸ್ಕಾಟ್‌ಲೆಂಡಿನ ಅನುಭವ

ಬೌದ್ಧಿಕ ವಿಕಲತೆಯುಳ್ಳವರ ಚರಿತ್ರೆಯನ್ನು ಬರೆದವರಲ್ಲಿ ಹೆಚ್ಚಿನವರು ಸಂಸ್ಥೆಗಳ ಚರಿತ್ರೆಯನ್ನೇ ಬರೆದಿದ್ದಾರೆ. ಇದಕ್ಕೆ ಕಾರಣ ಸ್ಪಷ್ಟವಾಗಿದೆ. ಆಸ್ಪತ್ರೆಗೆ ದಾಖಲೆಯ ಪುಸ್ತಕಗಳುಂಟು, ವಾರ್ಷಿಕ ವರದಿಗಳುಂಟು. ಮನೆಗೆ ಅವಾವುವೂ ಇಲ್ಲ. ಆದರೆ ಇಂಥವರಲ್ಲಿ ಬಹುಮಂದಿ ತಮ್ಮ ಬಾಳನ್ನು ಸವೆಸಿದ್ದು ಸಂಸ್ಥೆಗಳಲ್ಲಲ್ಲ, ಮನೆಗಳಲ್ಲಿ. ಆ ಬಾಳು ಹೇಗಿದ್ದಿತು, ಅಲ್ಲಿ ದೊರೆತ ಆರೈಕೆ ಎಂಥದು ಎಂಬುದನ್ನು ಹೊರಗಿನವರೊಬ್ಬರು ಹೋಗಿ ಕಂಡು, ಕ್ರಮವಾಗಿ ಬರೆದಿಟ್ಟ ನಿದರ್ಶನಗಳು ವಿರಳ. ಅಂಥ ವಿರಳ ನಿದರ್ಶನಗಳಲ್ಲಿ ಸ್ಕಾಟ್‌ಲೆಂಡಿನದು ಒಂದು. ಮನೆಯ ಆರೈಕೆಯ ಗುಣವನ್ನು ಅಳೆಯುವುದು ಸಾಧ್ಯವೆ, ಸಾಧ್ಯವಾದರೆ ಯಾವ ಅಳತೆಗೋಲಿನಿಂದ, ಎಂಬ ಪ್ರಶ್ನೆಗೆ ಆ ದೇಶ ಕೊಟ್ಟ ಉತ್ತರವನ್ನು ಈ ಲೇಖನದಲ್ಲಿ ಪರಿಶೀಲಿಸಲು ಯತ್ನಿಸುತ್ತೇವೆ.

ಮೊದಲಿಗೆ ಪರಿಭಾಷೆಯನ್ನು ಕುರಿತು ಒಂದು ಮಾತು. ಅಂದಿನ ಕಾನೂನು ಹುಟ್ಟಿನಿಂದಲೇ ಬುದ್ಧಿಯ ಬೆಳವಣಿಗೆ ಕುಂಠಿತವಾದವರನ್ನೂ ನಡುವಯಸ್ಸಿನಲ್ಲಿ ಚಿತ್ತವಿಭ್ರಮೆಗೆ ಒಳಗಾದವರನ್ನೂ ಬಹುಮಟ್ಟಿಗೆ ಒಂದೇ ಹೆಸರಿನಡಿಯಲ್ಲಿ ಸೇರಿಸುತ್ತಿತ್ತು. ಆದ್ದರಿಂದ ನಾವು ಮುಂದೆ ಹೇಳುವ ವ್ಯವಸ್ಥೆ ಇಬ್ಬರಿಗೂ ಅನ್ವಯಿಸಿದುದು. ಆದರೆ ನಿರಪಾಯಕಾರಿಗಳೂ ದೀರ್ಘಕಾಲದ ಆರೈಕೆ ಬೇಕಾದವರೂ ಆದವರನ್ನೇ ಮನೆಗಳಲ್ಲಿ ಇರಿಸುತ್ತಿದ್ದುದರಿಂದ, ಮೊದಲನೆಯ ವರ್ಗದವರು ಅಲ್ಲಿ ಗಣನೀಯ ಸಂಖ್ಯೆಯಲ್ಲಿದ್ದರು.

೧೮೫೫ರಲ್ಲಿ ಅಮೆರಿಕದ ಸಮಾಜಸುಧಾರಕಿ ಡೊರೊಥಿಯಾ ಡಿಕ್ಸ್ ಸ್ಕಾಟ್‌ಲೆಂಡಿಗೆ ಬಂದು ಅಲ್ಲಿಯ ಅಸೈಲಂಗಳನ್ನು ಸಂದರ್ಶಿಸಿದಳು. ಕಂಡ ಸ್ಥಿತಿಗೆ ಮರುಗಿ ನೇರವಾಗಿ ಲಂಡನ್ನಿಗೆ ಹೋಗಿ ಗೃಹಮಂತ್ರಿಯನ್ನು ಕಂಡಳು. ಆ ವರ್ಷವೇ ಒಂದು ರಾಯಲ್ ಕಮಿಷನ್ ನೇಮಕವಾಯಿತು. ೧೮೫೭ರಲ್ಲಿ ಹೊರಬಿದ್ದ ಅದರ ವರದಿ ಅಸೈಲಂಗಳ ದೋಷಗಳ ಜೊತೆಗೆ, ಮನೆಗಳಲ್ಲಿದ್ದವರ ದುರವಸ್ಥೆಯನ್ನೂ ಬಯಲಿಗೆ ತಂದಿತು. ಕೊಳಕಿನಲ್ಲಿ ಬಿದ್ದಿದ್ದವರು, ಸರಪಣಿಯಿಂದ ಕಟ್ಟಿಹಾಕಲ್ಪಟ್ಟವರು ಅದರ ಪುಟಗಳಲ್ಲಿ ಕಾಣಿಸಿಕೊಂಡರು. ಅದೇ ವರ್ಷ ಅಂಗೀಕೃತವಾದ ಕಾನೂನಿನ ಪ್ರಕಾರ ಸ್ಕಾಟ್‌ಲೆಂಡಿಗೆ ಪ್ರತ್ಯೇಕವಾದ ಒಂದು ಕೇಂದ್ರ ಮಂಡಲಿ ಏರ್ಪಟ್ಟಿತು.

ಇಂಥ ವರದಿ ಬಂದ ಮೇಲೆ ಸಹಜವಾಗಿ ನಿರೀಕ್ಷಿಸಬಹುದಾದ ಕ್ರಮ ಒಂದೇ: ಮನೆಯಲ್ಲಿದ್ದವರನ್ನೆಲ್ಲ ಅಸೈಲಂಗಳಿಗೆ ಸಾಗಿಸುವುದು. ಆದರೆ ಸ್ಕಾಟ್‌ಲೆಂಡಿನ ಮಂಡಲಿ ಆ ದಾರಿಯನ್ನು ಪೂರ್ಣವಾಗಿ ಹಿಡಿಯಲಿಲ್ಲ. ಕೆಟ್ಟ ಮನೆಗಳಿಂದ ರೋಗಿಗಳನ್ನು ತೆಗೆಯುವುದು, ಒಳ್ಳೆಯ ಮನೆಗಳನ್ನು ಹುಡುಕಿ ಅವಕ್ಕೆ ಒಪ್ಪಿಗೆ ಕೊಡುವುದು, ಒಪ್ಪಿಗೆ ಕೊಟ್ಟ ಮೇಲೂ ನೋಡುತ್ತಿರುವುದು—ಈ ಮೂರು ಕೆಲಸಗಳನ್ನು ಅದು ಕೈಗೆತ್ತಿಕೊಂಡಿತು. ಪ್ಯಾರಿಷ್‌ನವರು ವಾರಕ್ಕೆ ಇಷ್ಟೆಂದು ಹಣ ಕೊಟ್ಟು, ಸಣ್ಣ ಹಿಡುವಳಿದಾರರ, ವಿಧವೆಯರ, ಹಳ್ಳಿಯ ಕಸುಬುದಾರರ ಮನೆಗಳಲ್ಲಿ ಇವರನ್ನು ಇರಿಸುತ್ತಿದ್ದರು. ಗ್ಲಾಸ್ಗೋ, ಎಡಿನ್‌ಬರೋಗಳಂಥ ನಗರಗಳ ಬಡವರೂ ಹೀಗೆ ದೂರದ ಹಳ್ಳಿಗಳನ್ನು ಸೇರಿದರು. ಫೈಫ್ ಸೀಮೆಯ ಕೆನೊವೇ ಎಂಬ ಹಳ್ಳಿ ಈ ಕಾರಣದಿಂದಲೇ ಹೆಸರಾಯಿತು. ೧೮೬೨ರ ಕಾನೂನು ವಿಶೇಷ ಪರವಾನಗಿಯುಳ್ಳ ಮನೆಯಲ್ಲಿ ನಾಲ್ವರವರೆಗೆ ಇರಲು ಅವಕಾಶ ಮಾಡಿಕೊಟ್ಟಿತು. ಸಂಖ್ಯೆ ಇದಕ್ಕೆ ಮೀರಿದರೆ ಮನೆ ಮನೆಯಾಗಿ ಉಳಿಯದೆ ಸಣ್ಣ ಅಸೈಲಂ ಆಗಿಬಿಡುವುದೆಂಬ ಅರಿವನ್ನು ಈ ಮಿತಿಯಲ್ಲಿ ಕಾಣಬಹುದು.

ಮೇಲ್ವಿಚಾರಣೆಯ ಕ್ರಮ ಗಮನಾರ್ಹವಾದುದು. ಪ್ಯಾರಿಷ್‌ನ ವೈದ್ಯನು ವರ್ಷಕ್ಕೆ ನಾಲ್ಕು ಸಾರಿ, ದರಿದ್ರಪರಿಹಾರದ ಇನ್ಸ್‌ಪೆಕ್ಟರನು ಎರಡು ಸಾರಿ, ಮಂಡಲಿಯ ಉಪ ಕಮಿಷನರನು ಸಾಮಾನ್ಯವಾಗಿ ಒಂದು ಸಾರಿ ಮನೆಗೆ ಹೋಗಿ ನೋಡಬೇಕು. ಮೂವರ ಹಿತಾಸಕ್ತಿಗಳೂ ಬೇರೆ ಬೇರೆ ಎಂಬುದನ್ನು ವಾಚಕರು ಗಮನಿಸಬೇಕು. ವೈದ್ಯನು ದೇಹಸ್ಥಿತಿಯನ್ನು ಬಲ್ಲವನು; ಇನ್ಸ್‌ಪೆಕ್ಟರನು ಹಣ ಕೊಡುವ ಪ್ಯಾರಿಷ್‌ನ ಸೇವಕ; ಉಪ ಕಮಿಷನರನಾದರೋ ಇವರಿಬ್ಬರಿಗೂ ಹಂಗಿಲ್ಲದವನು. ಹಣ ಕೊಡುವವನೇ ಗುಣವನ್ನೂ ನಿರ್ಣಯಿಸುವ ಅಪಾಯವನ್ನು ಈ ಮೂರನೆಯವನ ಭೇಟಿ ಸ್ವಲ್ಪಮಟ್ಟಿಗಾದರೂ ತಡೆಯಿತು. ರೋಗಿ ನೆಂಟರ ಮನೆಯಲ್ಲಿದ್ದರೂ ಈ ಭೇಟಿ ತಪ್ಪುತ್ತಿರಲಿಲ್ಲ. ರಕ್ತಸಂಬಂಧವೊಂದರಿಂದಲೇ ಆರೈಕೆ ಒಳ್ಳೆಯದಾಗಿರುವುದೆಂದು ಮಂಡಲಿ ನಂಬಿ ಕುಳಿತುಕೊಳ್ಳಲಿಲ್ಲ.

ಹೀಗೆ ಊರೂರು ಸುತ್ತಿದವರಲ್ಲಿ ಮುಖ್ಯನಾದವನು ಆರ್ಥರ್ ಮಿಚೆಲ್ (೧೮೨೬–೧೯೦೯). ಈತ ವೃತ್ತಿಯಿಂದ ವೈದ್ಯ, ಅಭಿರುಚಿಯಿಂದ ಪುರಾತತ್ತ್ವಜ್ಞ. ತಾನು ಕಂಡುದನ್ನು ಆಧರಿಸಿ ೧೮೬೪ರಲ್ಲಿ ಮನೆಗಳಲ್ಲಿರುವ ರೋಗಿಗಳನ್ನು ಕುರಿತೇ ಒಂದು ಗ್ರಂಥವನ್ನು ಪ್ರಕಟಿಸಿದ. ಅವನ ಮುಂದಿದ್ದ ತೊಡಕು ಸಾಮಾನ್ಯವಾದುದಲ್ಲ. ಹೈಲೆಂಡ್ಸ್ ಪ್ರಾಂತದ ಬಡ ಗುಡಿಸಲು ಹೊಗೆಯಿಂದ ಕಪ್ಪಾಗಿರುತ್ತದೆ, ಮಣ್ಣಿನ ನೆಲ, ಊಟ ಒರಟು. ಅಸೈಲಂನಲ್ಲಿಯಾದರೆ ಎತ್ತರದ ಕಿಟಕಿಗಳು, ಒಗೆದ ಬಟ್ಟೆ, ಅಳೆದು ಕೊಟ್ಟ ಮಾಂಸ. ಅಸೈಲಂನ ಅಳತೆಗೋಲನ್ನೇ ಗುಡಿಸಲಿಗೆ ಹಿಡಿದರೆ ಯಾವ ಗುಡಿಸಲೂ ತೇರ್ಗಡೆಯಾಗದು. ಬಡವರ ಮನೆಯೆಂದರೆ ಇಷ್ಟೇ ಎಂದು ಬಿಟ್ಟುಬಿಟ್ಟರೆ ಸರಪಣಿಯ ಮನೆಯೂ ತೇರ್ಗಡೆಯಾಗುತ್ತದೆ.

ಇದಕ್ಕೆ ಮಿಚೆಲನೂ ಅವನ ಸಂಗಡಿಗರೂ ಕಂಡುಕೊಂಡ ಪರಿಹಾರ ಸರಳವಾದುದು. ಒಂದು ಮನೆಯನ್ನು ಅಸೈಲಂನೊಡನೆ ಹೋಲಿಸದೆ ಆ ಮನೆಯೊಡನೆಯೇ ಹೋಲಿಸಬೇಕು. ಮನೆಯವರು ಉಣ್ಣುವುದನ್ನೇ ಈತನೂ ಉಣ್ಣುತ್ತಾನೆಯೆ? ಅವರ ಪಂಕ್ತಿಯಲ್ಲಿಯೇ ಕುಳಿತು ಉಣ್ಣುತ್ತಾನೆಯೆ? ಅವರ ಹಾಸಿಗೆಗೂ ಇವನ ಹಾಸಿಗೆಗೂ ಭೇದವುಂಟೆ? ಚಳಿಗಾಲದಲ್ಲಿ ಒಲೆಯ ಹತ್ತಿರ ಇವನಿಗೂ ಜಾಗವುಂಟೆ? ಆ ಮನೆಯ ಬಾಳಿನಲ್ಲಿ ರೋಗಿ ಪಾಲುಗಾರನಾಗಿದ್ದರೆ ಆರೈಕೆ ಒಳ್ಳೆಯದು. ಮನೆಯಲ್ಲಿದ್ದೂ ಮನೆಯ ಹೊರಗಿನವನಾಗಿದ್ದರೆ, ಮನೆ ಎಷ್ಟೇ ಅನುಕೂಲವಾಗಿದ್ದರೂ ಆರೈಕೆ ಕೆಟ್ಟದು. ಕೊಳಕು, ಹಸಿವು, ಬಂಧನ ಇವುಗಳಿಗೆ ಮಾತ್ರ ಯಾವ ಮನೆಯಲ್ಲಿಯೂ ವಿನಾಯಿತಿ ಇರಲಿಲ್ಲ.

ಈ ನಿಲುವಿಗೂ ಮಿಚೆಲನ ಪುರಾತತ್ತ್ವಕ್ಕೂ ಸಂಬಂಧವುಂಟೆಂದು ನಮಗೆ ತೋರುತ್ತದೆ. ಶೆಟ್‌ಲೆಂಡ್ ಮೊದಲಾದ ಕಡೆಗಳಲ್ಲಿ ಕಲ್ಲಿನ ಬಿಲ್ಲೆ ಪೋಣಿಸಿದ ಕದಿರು, ಕೈಯಿಂದಲೇ ತಿದ್ದಿದ ಒರಟು ಮಡಕೆಗಳು ಆಗಲೂ ಬಳಕೆಯಲ್ಲಿದ್ದುವು. ಇವನ್ನು ವರ್ಣಿಸಿ ೧೮೮೦ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಆತ, ಉಪಕರಣ ಒರಟಾದ ಮಾತ್ರಕ್ಕೆ ಅದನ್ನು ಬಳಸುವವರ ಬುದ್ಧಿಶಕ್ತಿ ಕೀಳೆಂದು ನಿರ್ಣಯಿಸಲಾಗದೆಂದು ವಾದಿಸಿದ. ಬಡತನವನ್ನೂ ಕೀಳುತನವನ್ನೂ ಬೇರ್ಪಡಿಸಿ ನೋಡಬಲ್ಲ ಕಣ್ಣು ಎರಡು ಕಡೆಯೂ ಒಂದೇ.

ಆದರೂ ಈ ವ್ಯವಸ್ಥೆಯನ್ನು ಹೊಗಳಿ ಮುಗಿಸುವುದು ಚರಿತ್ರಕಾರನಿಗೆ ತಕ್ಕುದಲ್ಲ. ಅಸೈಲಂಗಿಂತ ಮನೆ ಅಗ್ಗವೆಂಬುದು ಪ್ಯಾರಿಷ್‌ಗಳಿಗೆ ಪ್ರಬಲವಾದ ಪ್ರೇರಣೆಯಾಗಿತ್ತು. ಹೊಲದ ಕೆಲಸ, ದನ ಕಾಯುವುದು, ನೀರು ಹೊರುವುದು ಇವೆಲ್ಲ ರೋಗಿಗೆ ಹಿತವೆಂದು ಅಧಿಕಾರಿಗಳು ನಂಬಿದ್ದರು. ಆದರೆ ಹಿತ ಎಲ್ಲಿ ಮುಗಿದು ಬಿಟ್ಟಿದುಡಿಮೆ ಎಲ್ಲಿ ಆರಂಭವಾಗುತ್ತದೆಂಬುದನ್ನು ವರ್ಷಕ್ಕೊಮ್ಮೆ ಬರುವವನು ನಿರ್ಣಯಿಸುವುದು ಕಷ್ಟ. ಎಲ್ಲಕ್ಕಿಂತ ದೊಡ್ಡ ಕೊರತೆ ಇನ್ನೊಂದು. ಆರೈಕೆ ಪಡೆದವನು ಇಂಥ ದಾಖಲೆಗಳಲ್ಲಿ ನೋಡಲ್ಪಟ್ಟವನೇ ಹೊರತು ಮಾತನಾಡಿದವನಲ್ಲ. ಆತನ ಹಾಸಿಗೆಯನ್ನು ನಾವು ಬಲ್ಲೆವು, ಆತನ ಅಭಿಪ್ರಾಯವನ್ನು ಅರಿಯೆವು.

ಮುಂದಿನ ಕಥೆಯನ್ನು ಸಂಕ್ಷೇಪವಾಗಿ ಹೇಳಬಹುದು. ೧೯೧೩ರ ಕಾನೂನು ಬೌದ್ಧಿಕ ವಿಕಲತೆಯನ್ನು ಚಿತ್ತವಿಭ್ರಮೆಯಿಂದ ಪ್ರತ್ಯೇಕಿಸಿ, ಹಳೆಯ ಮಂಡಲಿಯ ಸ್ಥಾನದಲ್ಲಿ ಹೊಸದನ್ನು ತಂದಿತು. ೧೯೬೦ರ ಕಾನೂನು ಅದನ್ನೂ ತೆಗೆದು ಮಾನಸಿಕ ಕ್ಷೇಮದ ಕಮಿಷನ್ನನ್ನು ಸ್ಥಾಪಿಸಿತು. ಆದರೆ ಅಳತೆಗೋಲಿನ ಪ್ರಶ್ನೆ ಇಂಗ್ಲೆಂಡಿನಲ್ಲಿ ಬೇರೊಂದು ರೂಪದಿಂದ ಮರಳಿ ಬಂದಿತು. ೧೯೫೮ರಲ್ಲಿ ಜ್ಯಾಕ್ ಟಿಜಾರ್ಡ್ ಎಂಬ ಮನಶ್ಶಾಸ್ತ್ರಜ್ಞ ಲಂಡನ್ನಿನ ದೊಡ್ಡ ಆಸ್ಪತ್ರೆಯೊಂದರಿಂದ ೧೬ ಮಂದಿ ಮಕ್ಕಳನ್ನು ಸರೆ ಸೀಮೆಯ ಬ್ರುಕ್‌ಲೆಂಡ್ಸ್ ಎಂಬ ಮನೆಗೆ ಕರೆತಂದು, ಕುಟುಂಬದ ರೀತಿಯಲ್ಲಿ ಬೆಳೆಸಿ, ಆಸ್ಪತ್ರೆಯಲ್ಲಿಯೇ ಉಳಿದ ಅಷ್ಟೇ ಮಕ್ಕಳೊಡನೆ ಹೋಲಿಸಿದ. ಮನೆಗೆ ಬಂದವರ ಮಾತಿನ ಶಕ್ತಿ ಹೆಚ್ಚು ಬೆಳೆಯಿತು. ೧೯೭೧ರಲ್ಲಿ ಅವನೂ ಅವನ ಸಹೋದ್ಯೋಗಿಗಳೂ ಮಕ್ಕಳ ವಸತಿಗಳನ್ನು ಅಳೆಯುವ ಮಾನವೊಂದನ್ನು ಪ್ರಕಟಿಸಿದರು. ಮಕ್ಕಳಿಗೆ ತಮ್ಮವೇ ಆದ ಬಟ್ಟೆಗಳುಂಟೆ, ಎಲ್ಲರನ್ನೂ ಮಂದೆಯಂತೆ ಒಟ್ಟಾಗಿ ನಡೆಸುತ್ತಾರೆಯೆ, ನೋಡಿಕೊಳ್ಳುವವರು ಮಕ್ಕಳೊಡನೆ ಕುಳಿತು ಉಣ್ಣುತ್ತಾರೆಯೆ ಎಂಬಂಥವು ಅದರ ಪ್ರಶ್ನೆಗಳು. ಒಂದು ಶತಮಾನದ ಬಳಿಕ, ಸಂಖ್ಯಾಶಾಸ್ತ್ರದ ನೆರವು ಪಡೆದ ಸಂಶೋಧಕರೂ ಗುಡಿಸಲ ಊಟದ ಪಂಕ್ತಿಗೇ ಬಂದು ನಿಂತರೆಂಬುದು ಕುತೂಹಲಕರ.

ಈ ಚರಿತ್ರೆ ನಮಗೆ ದೂರದ್ದಲ್ಲ. ಭಾರತದಲ್ಲಿ ೧೯೯೯ರ ನ್ಯಾಷನಲ್ ಟ್ರಸ್ಟ್ ಕಾನೂನು, ಜಿಲ್ಲಾಧಿಕಾರಿಯೂ ಸೇರಿದ ಸ್ಥಳೀಯ ಸಮಿತಿಗೆ ಇಂಥವರ ಪೋಷಕರನ್ನು ನೇಮಿಸುವ ಅಧಿಕಾರ ಕೊಟ್ಟಿದೆ. ಕರ್ನಾಟಕದ ಜಿಲ್ಲೆಗಳಿಗೂ ಇದು ಅನ್ವಯಿಸುತ್ತದೆ. ನೇಮಕಗೊಂಡ ಪೋಷಕನು ಆರು ತಿಂಗಳೊಳಗೆ ಆಸ್ತಿಯ ಪಟ್ಟಿಯನ್ನೂ, ಆಮೇಲೆ ವರ್ಷವರ್ಷವೂ ಲೆಕ್ಕವನ್ನೂ ಒಪ್ಪಿಸಬೇಕು. ಪೋಷಕನು ಹಿಂಸಿಸಿದರೆ ಅಥವಾ ಅಲಕ್ಷಿಸಿದರೆ ಅವನನ್ನು ತೆಗೆಯಲು ಅವಕಾಶವುಂಟು. ಆದರೆ ಅದಕ್ಕೆ ಯಾರಾದರೂ ದೂರು ತರಬೇಕು. ಹೊಲದ ಲೆಕ್ಕ ತಾನಾಗಿ ವರ್ಷಕ್ಕೊಮ್ಮೆ ಬರುತ್ತದೆ; ಹಾಸಿಗೆಯ ಲೆಕ್ಕವನ್ನು ಯಾರಾದರೂ ಕೇಳಿದರೆ ಮಾತ್ರ ಬರುತ್ತದೆ. ಸ್ಕಾಟ್‌ಲೆಂಡಿನ ವ್ಯವಸ್ಥೆಯಲ್ಲಿ ದೋಷಗಳು ಅನೇಕವಿದ್ದರೂ, ದೂರಿಗಾಗಿ ಕಾಯದೆ ಬಾಗಿಲಿಗೆ ಹೋಗಿ ನೋಡಬೇಕೆಂಬ ಒಂದು ತತ್ತ್ವವನ್ನು ಅದು ಸ್ಥಾಪಿಸಿತು. ದೂರು ಹೇಳಲಾರದವರ ವಿಷಯದಲ್ಲಿ ಇದಕ್ಕಿಂತ ಮುಖ್ಯವಾದ ತತ್ತ್ವ ಇನ್ನೊಂದಿಲ್ಲವೆಂದು ನಾವು ಭಾವಿಸುತ್ತೇವೆ.