ಮ್ಯಾಕ್ ತಂತ್ರಾಂಶ: ರಿಯಾಯಿತಿಗೆ ಮರುಳಾಗುವ ಮುನ್ನ

ನವೆಂಬರ್ ತಿಂಗಳ ಕೊನೆಯ ವಾರ ಬಂತೆಂದರೆ ಆಪಲ್ ಸಂಸ್ಥೆಯ ಮ್ಯಾಕ್ ಗಣಕ ಬಳಸುವವರ ಇ-ಮೇಲ್ ಪೆಟ್ಟಿಗೆಯಲ್ಲಿ ರಿಯಾಯಿತಿ ಪತ್ರಗಳ ಸುರಿಮಳೆ. ಅರ್ಧ ಬೆಲೆ, ಹತ್ತು ತಂತ್ರಾಂಶಗಳ ಬಂಡಲ್, 'ಜೀವಾವಧಿ' ಪರವಾನಗಿ ಹೀಗೆ ಆಮಿಷಗಳು ಹಲವು. ಆದರೆ ಅಗ್ಗವೆಂದು ಕೊಂಡ ತಂತ್ರಾಂಶ ಮರುವರ್ಷ ತೆರೆದುಕೊಳ್ಳದೇ ಹೋದರೆ, ಕೊಟ್ಟ ಹಣ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಮಾರಾಟದ ಬಗೆಗಳು

ಹಲವು ತಂತ್ರಾಂಶಗಳನ್ನು ಒಟ್ಟುಗೂಡಿಸಿ ಕಡಿಮೆ ಬೆಲೆಗೆ ಮಾರುವ ಪದ್ಧತಿಯನ್ನು ಮ್ಯಾಕ್ ಬಳಕೆದಾರರಲ್ಲಿ ಜನಪ್ರಿಯಗೊಳಿಸಿದ್ದು 2006ರಲ್ಲಿ ಆರಂಭವಾದ ಮ್ಯಾಕ್‌ಹೈಸ್ಟ್. ಆಪಲ್‌ನ ಮ್ಯಾಕ್ ಆ್ಯಪ್ ಸ್ಟೋರ್ 2011ರ ಜನವರಿ 6ರಂದು ತೆರೆಯಿತು. ಮಾಸಿಕ ಚಂದಾ ನೀಡಿ ಅನೇಕ ತಂತ್ರಾಂಶ ಬಳಸುವ ಸೆಟ್‌ಆ್ಯಪ್ ಸೇವೆಯನ್ನು ಉಕ್ರೇನಿನ ಮ್ಯಾಕ್‌ಪಾ ಸಂಸ್ಥೆ 2017ರಲ್ಲಿ ಪ್ರಾರಂಭಿಸಿತು.

ಎಡವುವುದು ಎಲ್ಲಿ?

2019ರ ಅಕ್ಟೋಬರ್‌ನಲ್ಲಿ ಬಂದ ಕ್ಯಾಟಲಿನಾ ಆವೃತ್ತಿ 32-ಬಿಟ್ ತಂತ್ರಾಂಶಗಳನ್ನು ಸಂಪೂರ್ಣ ಕೈಬಿಟ್ಟಿತು. ಹಣ ಕೊಟ್ಟು ಕೊಂಡಿದ್ದ ಆಫೀಸ್ 2011 ಅಂದೇ ನಿರುಪಯುಕ್ತವಾಯಿತು. 2020ರ ನವೆಂಬರ್‌ನಿಂದ ಆಪಲ್ ತನ್ನದೇ ಚಿಪ್‌ಗೆ ಬದಲಾಯಿತು. ಇಂಟೆಲ್ ಚಿಪ್‌ಗಾಗಿ ರಚಿಸಿದ ತಂತ್ರಾಂಶಗಳು ಹೊಸ ಯಂತ್ರಗಳಲ್ಲಿ ರೊಸೆಟಾ 2 ಎಂಬ ಅನುವಾದಕದ ನೆರವಿನಿಂದ ನಡೆಯುತ್ತವೆ. ಈ ನೆರವು 27ನೇ ಆವೃತ್ತಿಯವರೆಗೆ ಮಾತ್ರ ಪೂರ್ಣವಾಗಿ ದೊರೆಯುವುದೆಂದು 2025ರಲ್ಲಿ ಆಪಲ್ ಪ್ರಕಟಿಸಿದೆ. ಇಂಟೆಲ್ ಯಂತ್ರಗಳಿಗೆ 26ನೆಯದೇ ಕೊನೆಯ ಆವೃತ್ತಿ.

'ಜೀವಾವಧಿ' ಎಂಬುದು ಸಾಮಾನ್ಯವಾಗಿ ಆ ಒಂದು ಆವೃತ್ತಿಗಷ್ಟೇ ಅನ್ವಯ. ಒಮ್ಮೆ ಹಣ ಪಾವತಿಸಿ ಕೊಳ್ಳುವ ಆಫೀಸ್ 2019ರ ಮ್ಯಾಕ್ ಆವೃತ್ತಿಗೆ ಮೈಕ್ರೋಸಾಫ್ಟ್‌ನ ಬೆಂಬಲ 2023ರ ಅಕ್ಟೋಬರ್ 10ರಂದು ಮುಕ್ತಾಯವಾಯಿತು.

ಉಚಿತವಾಗಿ ಲಭ್ಯವಿರುವುದು

ಪೇಜಸ್, ನಂಬರ್ಸ್, ಕೀನೋಟ್ ತಂತ್ರಾಂಶಗಳು 2017ರಿಂದ ಎಲ್ಲ ಮ್ಯಾಕ್ ಬಳಕೆದಾರರಿಗೂ ಉಚಿತ. ಪಿಡಿಎಫ್ ಕಡತಗಳನ್ನು ಜೋಡಿಸಲು, ಸಹಿ ಹಾಕಲು ಯಂತ್ರದಲ್ಲೇ ಇರುವ ಪ್ರಿವ್ಯೂ ಸಾಕು. ಹಿಂದೆ ಹಣಕ್ಕೆ ಮಾರುತ್ತಿದ್ದ ಅಫಿನಿಟಿ ವಿನ್ಯಾಸ ತಂತ್ರಾಂಶ 2025ರ ಅಕ್ಟೋಬರ್‌ನಲ್ಲಿ ಉಚಿತವಾಯಿತು. ಕನ್ನಡ ಬರೆಯಲು ಪ್ರತ್ಯೇಕ ತಂತ್ರಾಂಶ ಕೊಳ್ಳಬೇಕಿಲ್ಲ. ಸಿಸ್ಟಂ ಸೆಟ್ಟಿಂಗ್ಸ್‌ನ ಕೀಬೋರ್ಡ್ ವಿಭಾಗದಲ್ಲಿ ಕನ್ನಡವನ್ನು ಸೇರಿಸಿಕೊಂಡರಾಯಿತು.

ಕೊಳ್ಳುವ ಮುನ್ನ ಗಮನಿಸಿ

1. ಪರದೆಯ ಎಡ ಮೂಲೆಯ ಆಪಲ್ ಚಿಹ್ನೆ ಒತ್ತಿ, 'ಅಬೌಟ್ ದಿಸ್ ಮ್ಯಾಕ್'ನಲ್ಲಿ ಚಿಪ್ ಹಾಗೂ ಆವೃತ್ತಿ ಗುರುತಿಸಿಕೊಳ್ಳಿ. ತಯಾರಕರು ಸೂಚಿಸಿದ ಅಗತ್ಯಗಳೊಡನೆ ಹೋಲಿಸಿ.

2. ಪ್ರಾಯೋಗಿಕ ಆವೃತ್ತಿ ಇದ್ದಲ್ಲಿ ಮೊದಲು ಬಳಸಿ ನೋಡಿ. ಅದನ್ನು ಆಯ್ದು ಕಮಾಂಡ್ ಮತ್ತು 'ಐ' ಕೀಲಿಗಳನ್ನು ಒಟ್ಟಿಗೆ ಒತ್ತಿ. 'ಕೈಂಡ್' ಸಾಲಿನಲ್ಲಿ 'ಯೂನಿವರ್ಸಲ್' ಎಂದಿದ್ದರೆ ಎರಡೂ ಬಗೆಯ ಚಿಪ್‌ಗೆ ಹೊಂದುತ್ತದೆ. 'ಇಂಟೆಲ್' ಎಂದಷ್ಟೇ ಇದ್ದರೆ ಅದರ ಆಯುಷ್ಯ ಕಡಿಮೆ.

3. ಪರವಾನಗಿ ಎಷ್ಟು ಯಂತ್ರಗಳಿಗೆ, ಮುಂದಿನ ಆವೃತ್ತಿಗೆ ಮತ್ತೆ ಹಣ ತೆರಬೇಕೇ ಎಂಬುದನ್ನು ಓದಿ ತಿಳಿಯಿರಿ.

4. ಬಂಡಲ್‌ನಲ್ಲಿ ನಿಮಗೆ ನಿಜಕ್ಕೂ ಬೇಕಾದವನ್ನು ಎಣಿಸಿ. ಬೇಕಿರುವುದು ಒಂದೇ ಆದರೆ ಅದರ ಬಿಡಿ ಬೆಲೆಯೊಡನೆ ತಾಳೆ ನೋಡಿ.

5. ತಂತ್ರಾಂಶವನ್ನು ಅಳಿಸಿದ ಮಾತ್ರಕ್ಕೆ ಚಂದಾ ನಿಲ್ಲುವುದಿಲ್ಲ. ಅದನ್ನು ಪ್ರತ್ಯೇಕವಾಗಿ ರದ್ದುಪಡಿಸಬೇಕು.

6. ಕಾರ್ಯಾಚರಣೆ ವ್ಯವಸ್ಥೆಯನ್ನು ನವೀಕರಿಸುವ ಮುನ್ನ ಟೈಮ್ ಮೆಷೀನ್ ಮೂಲಕ ಹೊರ ಡಿಸ್ಕಿಗೆ ಪೂರ್ಣ ಪ್ರತಿ ತೆಗೆದಿಡಿ.

ರಿಯಾಯಿತಿ ಮುಂದಿನ ವರ್ಷವೂ ಬರುತ್ತದೆ. ಹಳೆಯ ತಂತ್ರಾಂಶದೊಳಗೆ ಸಿಲುಕಿಕೊಂಡ ಕಡತಗಳು ಮಾತ್ರ ಸುಲಭವಾಗಿ ಕೈಗೆ ಬರುವುದಿಲ್ಲ.